ಇಡಿಯಾಗಿ ಬಂದ ಕಡಗ

ಅಕ್ಕೋರ ಬಲಗೈಯ ಹೆಬ್ಬೆರಳು, ತೋರುಬೆರಳಿನ ತುದಿ ಯಾವಾಗಲೂ ಕಪ್ಪಗಿರುತ್ತಿದ್ದವು. ಹಳೆ ಬೆಳ್ಳಿಯನ್ನು ದಿನಕ್ಕೆ ಮೂರು ನಾಲ್ಕು ತಾಸು ಸವರಿ ಸವರಿ ಚರ್ಮದೊಳಕ್ಕೆ ಇಳಿದ ಕಪ್ಪು. ಯಾವ ಸಾಬೂನಿಗೂ ಜಗ್ಗುತ್ತಿರಲಿಲ್ಲ. ಅದೇ ಬೆರಳಲ್ಲಿ ರೊಟ್ಟಿ ಮುರಿಯುವರು, ಅದೇ ಬೆರಳಲ್ಲಿ ಹಣೆಗೆ ವಿಭೂತಿ ಹಚ್ಚಿಕೊಳ್ಳುವರು. ಎದುರಿಗೆ ಯಾರೇ ಬರಲಿ, ಮೊದಲು ಅವರ ಕಾಲು ನೋಡುತ್ತಿದ್ದರು. ಕಾಲಲ್ಲಿ ಏನೂ ಇರದಿದ್ದರೆ ಮುಖದ ತನಕ ಕಣ್ಣೆತ್ತುವ ತೊಂದರೆಯನ್ನೇ ತೆಗೆದುಕೊಳ್ಳುತ್ತಿರಲಿಲ್ಲ. ಬಾಡಿಗೆಗೆ ಖೋಲಿ ಕೇಳಲು ಹೋದ ದಿನ ನನ್ನ ಪ್ಲಾಸ್ಟಿಕ್ ಚಪ್ಪಲಿಯ ಜೊತೆಗೇ ಮಾತಾಡಿದರು: "ಹಿಂದಿನ ಖೋಲಿ ಖಾಲಿ ಐತಿ. ನಳದ ನೀರು ಎಂಟ ದಿನಕ್ಕೊಮ್ಮೆ. ಅಳೂದು ನಗೂದು ಜೋರ ಮಾಡಬಾರದು."

ಶಾಲೆ ಕಲಿಸುವ ಹೆಂಗಸನ್ನು ನಮ್ಮ ಕಡೆ ಅಕ್ಕೋರು ಎನ್ನುತ್ತೇವೆ. ಇವರು ಬೆಟಗೇರಿಯ ಹೆಣ್ಣುಮಕ್ಕಳ ಶಾಲೆಯೊಂದರಲ್ಲಿ ಹೆಡ್ ಅಕ್ಕೋರಾಗಿದ್ದು ನಿವೃತ್ತರಾದವರು. ಮದುವೆಯಾಗಿರಲಿಲ್ಲ. ನಾನು ಗದಗಿನ ಒಂದು ಕಾಲೇಜಿನ ಗ್ರಂಥಾಲಯದಲ್ಲಿ ಕೆಲಸಕ್ಕೆ ಸೇರಿ ಅವರ ಹಿಂದಿನ ಖೋಲಿಯಲ್ಲಿ ಹತ್ತು ವರ್ಷ ಇದ್ದೆ. ಮುಂದಿನ ಪಡಸಾಲೆಯ ತುಂಬ ಟ್ರಂಕು, ಗೋಡೆಯ ತುಂಬ ಗೂಡು, ಅವುಗಳ ತುಂಬ ಬೆಳ್ಳಿ. ತೋಳಬಂದಿ, ಡಾಬು, ಲಿಂಗದ ಕರಡಿಗೆ, ಗೆಜ್ಜೆ ಎಲ್ಲ ಇದ್ದವು. ಆದರೆ ಜೀವ ಬಿಡುತ್ತಿದ್ದದ್ದು ಕಾಲ್ಕಡಗಕ್ಕೆ. ಹಿಂದಿನ ಕಾಲದ ಹೆಂಗಸರು ಹಾಕುತ್ತಿದ್ದ, ಗಟ್ಟಿ ಬೆಳ್ಳಿಯ, ಹೆಬ್ಬೆರಳು ದಪ್ಪದ ಕಡಗ. ಗದಗಿನ ಪೇಟೆಯಲ್ಲಿ ಒಂದು ಬೆಳ್ಳಿ ಅಂಗಡಿ ಇತ್ತು. ಅದರ ಬೆಂಚಿನ ಮೇಲೆ ವಾರಕ್ಕೆ ಮೂರು ದಿನ ಹೋಗಿ ಕೂಡುವರು. ಶಿರಹಟ್ಟಿ, ಲಕ್ಷ್ಮೇಶ್ವರ, ಹಿರೇವಡ್ಡಟ್ಟಿ ಕಡೆಯ ಜನ ಅಜ್ಜಿಯ ಕಡಗ ಕೊಟ್ಟು ಮೊಮ್ಮಗಳಿಗೆ ಕಾಲ್ಚೈನು ಒಯ್ಯಲು ಬಂದರೆ, ಕಡಗ ಒಲೆಗೆ ಹೋಗುವ ಮೊದಲೇ ಇವರ ಕೈ ಅಡ್ಡ ಬರುತ್ತಿತ್ತು.

ಆ ಕೈಗೆ ತಿಳಿಯದ್ದು ಏನಿತ್ತು? ಒಮ್ಮೆ ಒಂದು ಜೋಡಿ ತಂದು ನನ್ನ ಮುಂದೆ ಇಟ್ಟರು.

"ಹೇಳು, ಇದನ್ನ ಹಾಕ್ಕೊಂಡಾಕಿ ಏನ ಮಾಡ್ತಿದ್ದಳು?"

ನನಗೇನು ಗೊತ್ತು? ಬೆಬ್ಬೆಬ್ಬೆ ಎಂದೆ.

"ಎಡಗಾಲಿಂದು ಹೊರಮಗ್ಗಲ ಸವದೈತಿ, ಬಲಗಾಲಿಂದು ಸವದಿಲ್ಲ. ದಿನಾ ಬೀಸೂಕಲ್ಲಿನ ಮುಂದ ಎಡಗಾಲ ಮಡಚಿ ಕುಂತಾಕಿ. ಬಲಗಾಲ ಚಾಚ್ತಿದ್ದಳು. ಕಣ್ಣ ಅದಾವಿಲ್ಲ ನಿನಗ? ಗ್ರಂಥಾಲಯದಾಗ ಬರೇ ಧೂಳ ಝಾಡಸ್ತೀಯೇನ?"

ಬೈಗುಳ ಮರೆತೆ, ಕಡಗ ಮರೆಯಲಿಲ್ಲ. ಅವತ್ತಿನಿಂದ ನನಗೂ ಆ ಹುಚ್ಚು ಹತ್ತಿತು. ಯಾರೂ ಓದದ ಒಂದು ಪುಸ್ತಕವನ್ನು ನಾವಿಬ್ಬರೇ ಓದುತ್ತಿದ್ದೇವೆ ಅನ್ನಿಸುತ್ತಿತ್ತು. ಇತ್ತ ಅವರ ನಾಲಿಗೆಯ ಏಟು, ಅತ್ತ ಈ ಸುಖ. ಎರಡನ್ನೂ ಒಟ್ಟಿಗೇ ನುಂಗುವುದನ್ನು ಕಲಿತೆ.

ಅವರದೊಂದು ಕಟ್ಟುನಿಟ್ಟು ಇತ್ತು. ಕಡಿದ ಕಡಗವನ್ನು ಮುಟ್ಟುತ್ತಿರಲಿಲ್ಲ. ಹಳೆ ಕಾಲದಲ್ಲಿ ಹುಡುಗಿಯ ಕಾಲಿಗೆ ಹಾಕಿದ ಮೇಲೆ ಬೆಳ್ಳಿ ಬಂಗಾರದ ಕೆಲಸದ ಪತ್ತಾರ ಕಡಗದ ಬಾಯಿ ಬೆಸೆದುಬಿಡುತ್ತಿದ್ದ. ಅದನ್ನು ತೆಗೆಯಬೇಕೆಂದರೆ ಗರಗಸ ಬೇಕು. ಆದರೆ ಗರಗಸ ಬಿದ್ದರೆ, ಮತ್ತೆ ಎಷ್ಟೇ ನಾಜೂಕಾಗಿ ಬೆಸೆಯಲಿ, ಅಕ್ಕೋರು ಒಂದೇ ಮಾತು ಹೇಳುವರು: "ಹೆಣಾ ಅದು. ಮೂಸಿಗೆ ಹಾಕಿ ಕರಗಸ್ರಿ." ಹಾಗಾಗಿ ಕಡಿಯದೆ ತೆಗೆಯುವ ವಿದ್ಯೆಯನ್ನು ತಾವೇ ಕಲಿತಿದ್ದರು. ಬಳೆಗಾರರು ಕೈಗೆ ಪ್ಲಾಸ್ಟಿಕ್ ಚೀಲ ಹಾಕಿ ಬಿಗಿ ಬಳೆ ಏರಿಸುತ್ತಾರಲ್ಲ, ಹಾಗೆ ಇವರು ಪಾದಕ್ಕೆ ಚೀಲ ಹಾಕಿ, ಕೊಬ್ಬರಿ ಎಣ್ಣೆ ಸುರಿದು, ದಾರ ಸುತ್ತಿ ಮಾಂಸ ಒತ್ತಿ ಹಿಡಿದು ಜಗ್ಗುವರು. ಲಕ್ಷ್ಮೇಶ್ವರದಲ್ಲಿ ಒಬ್ಬ ಮುದುಕಿಯ ಹಿಮ್ಮಡಿಯ ಚರ್ಮ ಸುಲಿದು ಬಂತು. ಮುದುಕಿ "ಯವ್ವಾ ಸತ್ತೆ" ಎಂದು ಚೀರಿದರೆ ಇವರು ಕಡಗವನ್ನು ಬೆಳಕಿಗೆ ಹಿಡಿದು ನೋಡುತ್ತಾ, "ಚರ್ಮ ತಿರಗಿ ಬರತೈತಿ ಬೇ, ಇಂಥಾದ್ದು ಬರೂದಿಲ್ಲ" ಎಂದರು. ನಾನು ಅಲ್ಲೇ ಇದ್ದೆ. ಮುದುಕಿಯ ಹಿಮ್ಮಡಿಗೆ ಅರಿಶಿನ ಹಚ್ಚಿದೆ. ಮನಸ್ಸೆಲ್ಲ ಕಡಗದ ಮೇಲೆಯೇ ಇತ್ತು.

ಒಂದು ದಸರೆಯ ಮುಂದೆ ನಾನು ಮಾಡಬಾರದ್ದು ಮಾಡಿದೆ. ಮನೆಯೆಲ್ಲ ಸಾರಿಸಿ ತೊಳೆಯುವ ದಿನ. ಕಿಟಕಿಯ ಕಟ್ಟೆಯ ಮೇಲೆ ಒಂದು ಜೋಡಿ ತೋಳಬಂದಿ ಮಸಿಯಾಗಿ ಕೂತಿದ್ದವು. ಅಕ್ಕೋರಿಗೆ ಖುಷಿಯಾಗಲಿ ಎಂದು ಹುಣಸೆಹಣ್ಣು, ಬೂದಿ ಹಚ್ಚಿ ಉಜ್ಜಿ ಉಜ್ಜಿ ಥಳಥಳ ಮಾಡಿ ತಟ್ಟೆಯಲ್ಲಿಟ್ಟೆ. ಅವರು ಬಂದು ನೋಡಿದರು. ಒಂದನ್ನು ಎತ್ತಿ ಕಪ್ಪು ಬೆರಳಿನಿಂದ ಸವರಿದರು.

"ಇದನ್ನ ತೊಳದಾಕಿ ನೀನ?"

"ಹೌದ್ರಿ ಅಕ್ಕೋರ. ಹಬ್ಬ ಬಂತು ಅಂತ..."

"ಅರವತ್ತ ವರ್ಷದ ಬೆವರಿತ್ತು ಅದರಾಗ. ಒಬ್ಬಾಕಿ ಹೊಲದಾಗ ಕಸಾ ತಗದದ್ದು, ಹೆರಿಗಿ ಬ್ಯಾನಿ ತಿಂದದ್ದು ಎಲ್ಲಾ ಇತ್ತು. ತೊಳದ ಗಟಾರಕ್ಕ ಹಾಕಿದಿ."

ಮರುದಿನ ಬೆಳಿಗ್ಗೆ ನನ್ನನ್ನು ಬೆಳ್ಳಿ ಅಂಗಡಿಗೆ ಕರೆದುಕೊಂಡು ಹೋದರು. ತೋಳಬಂದಿಗಳನ್ನು ನನ್ನ ಕೈಯಿಂದಲೇ ಮೂಸೆಗೆ ಹಾಕಿಸಿದರು. ಹಳೆ ಬೆಳ್ಳಿ ಕರಗಿಸುವ ಮಣ್ಣಿನ ಬಟ್ಟಲದು. ನಾನು ಮುಖ ತಿರುಗಿಸಿದರೆ ಗದ್ದ ಹಿಡಿದು ತಿರುಗಿಸಿ, "ನೋಡು. ಕೊಂದಾಕಿ ನೋಡಬೇಕು" ಎಂದರು. ಅಂಗಡಿಯವನ ಮುಂದೆ, ಗಿರಾಕಿಗಳ ಮುಂದೆ ನಾನು ಗೋಳೋ ಎಂದು ಅತ್ತೆ. ಅದಾದ ಮೇಲೆ ಹದಿನೈದು ದಿನ ನನ್ನ ಜೊತೆ ಮಾತು ಬಂದ್. ಪಡಸಾಲೆಯ ಬಾಗಿಲು ನಾನು ಬರುವುದು ಕಂಡರೆ ಮುಚ್ಚಿಕೊಳ್ಳುತ್ತಿತ್ತು.

ಆ ಮುಚ್ಚಿದ ಬಾಗಿಲು ನನ್ನನ್ನು ಹಣ್ಣು ಮಾಡಿಬಿಟ್ಟಿತು. ಹದಿನಾರನೆಯ ದಿನ ಹೊಸ್ತಿಲಾಚೆ ನಿಂತು, ಒಳಗೆ ಕೇಳಲಿ ಎಂದು ಜೋರಾಗಿ ಹೇಳಿದೆ: "ಅಕ್ಕೋರ, ಕೊರ್ಲಹಳ್ಳಿಯೊಳಗ ನಮ್ಮ ಆಯಿ ಕಾಲಾಗ ಒಂದ ಜೋಡಿ ಐತ್ರಿ. ಹಾಕಿದ್ದು ಇನ್ನೂ ತಗದಿಲ್ಲ."

ಬಾಗಿಲು ತೆರೆಯಿತು. ಆಯಿ ಅಂದರೆ ನನ್ನ ತಾಯಿಯ ತಾಯಿ. ನಾನು ಆಕೆಯನ್ನು ಮಾರಿದ್ದು ಅವತ್ತೇ.

ಕೊರ್ಲಹಳ್ಳಿ ಮುಂಡರಗಿಯಾಚೆ ಹೊಳೆ ದಂಡೆಯ ಊರು. ಆಯಿ ಅಲ್ಲಿ ನನ್ನ ಸೋದರಮಾವನ ತುಂಬಿದ ಮನೆಯಲ್ಲಿ, ಎಂಬತ್ತು ದಾಟಿದರೂ ಎಲ್ಲರ ಮೇಲೆ ಜೋರು ಮಾಡಿಕೊಂಡು ಇದ್ದಳು. ಅಕ್ಕೋರು ಹೋದವರೇ ನೆಲಕ್ಕೆ ಕೂತು ಆಯಿಯ ಕಾಲನ್ನು ತಮ್ಮ ತೊಡೆಯ ಮೇಲೆ ಎತ್ತಿಟ್ಟುಕೊಂಡರು. ಹೆಡ್ ಅಕ್ಕೋರಾಗಿದ್ದವರು ಹೀಗೆ ಮಾಡಿದ್ದು ಕಂಡು ಮಾವನ ಹೆಂಡತಿಗೆ ಕಣ್ಣಲ್ಲಿ ನೀರು. "ಎಂಥಾ ದೊಡ್ಡ ಮನಸಪಾ" ಎಂದಳು. ನನಗೆ ಮಾತ್ರ ಆ ಕಪ್ಪು ಬೆರಳು ಕಡಗದ ಬೆಸುಗೆ ಹುಡುಕುತ್ತಿರುವುದು ಕಾಣುತ್ತಿತ್ತು.

"ಯಾರ ಹಾಕಿದ್ದು ಬೇ ಯವ್ವಾ?"

"ನಮ್ಮಪ್ಪ. ಮುಂಡರಗಿ ಪತ್ತಾರನ್ನ ಮನಿಗೇ ಕರಿಸಿ ಬೆಸದು ಕಳಿಸಿದ. ಗಂಡ ಸತ್ತಾಗ ಬಳಿ ಒಡದ್ರು, ಕಾಲುಂಗುರ ತಗದ್ರು. ಇವು ಬರಲಿಲ್ಲ. ಕಡೀತೀವಿ ಅಂತ ಬಂದಾಕಿಗೆ ಒಂದ ಒದ್ದೆ ನೋಡ್ರಿ, ಅಂಗಳದಾಗ ಬಿದ್ದಳು." ಆಯಿ ಬೊಚ್ಚುಬಾಯಿ ತೆರೆದು ನಕ್ಕಳು. "ನಂದು ಅಂತ ಈ ಮನಿಯೊಳಗ ಇರೂವು ಇವೆರಡ."

ಅವತ್ತು ಎಣ್ಣೆ, ಚೀಲ, ದಾರ ಎಲ್ಲ ಆಯಿತು. ಕಡಗ ಜಪ್ಪಯ್ಯ ಎನ್ನಲಿಲ್ಲ. ಕೊನೆಗೆ ಆಯಿಯೇ ರಾಜಿಗೆ ಬಂದಳು. "ನಾ ಸತ್ತ ಮ್ಯಾಲ ತಗೊಂಡ ಹೋಗ್ರಿ ಅಕ್ಕೋರ. ಕಡೀಬಾರದು, ಇಷ್ಟ." ಅಕ್ಕೋರು ಆಯಿಯ ಕೈ ಹಿಡಿದು ಮಾತು ಕೊಟ್ಟರು. ಅವರು ಕಡಿಯುವುದುಂಟೇ? ಅದಾದ ಮೇಲೆ ಎರಡು ಮೂರು ತಿಂಗಳಿಗೊಮ್ಮೆ ಕೊರ್ಲಹಳ್ಳಿಗೆ ನಮ್ಮ ಸವಾರಿ. ಹೀಗೆ ನಾಲ್ಕು ವರ್ಷ. "ಹೆಂಗದಿ ಬೇ ಯವ್ವಾ?" ಎಂದು ಇವರು ಬಾಗಿಲಲ್ಲಿ ಕೇಳುವುದು, "ಇನ್ನೂ ಅದೀನ್ರಿ, ಚಾ ಕುಡದ ಹೋಗ್ರಿ" ಎಂದು ಅವಳು ಒಳಗಿನಿಂದ ಕೂಗುವುದು. ಮನೆಮಂದಿಯೆಲ್ಲ ಬಿದ್ದು ಬಿದ್ದು ನಗುತ್ತಿದ್ದರು. ನಾನೂ ನಗುತ್ತಿದ್ದೆ. ಬಸ್ಸಿನಲ್ಲಿ ತಿರುಗಿ ಬರುವಾಗ ಮಾತ್ರ ಅಕ್ಕೋರು ನಗುತ್ತಿರಲಿಲ್ಲ. "ಗಟ್ಟಿ ಅದಾಳ ನಿಮ್ಮ ಆಯಿ" ಎಂದು ಬೇಸರದಿಂದ ಹೇಳುವರು.

ಐದನೆಯ ವರ್ಷ ಆಯಿಯ ಬಲಗಾಲಿಗೆ ಹಿತ್ತಲಲ್ಲಿ ಜಾಲಿಮುಳ್ಳು ನಟ್ಟಿತು. ಮೈಯಲ್ಲಿ ಸಕ್ಕರೆ ಕಾಯಿಲೆ ಇತ್ತು. ಎರಡೇ ದಿನಕ್ಕೆ ಪಾದ ಊದಿ, ಕಡಗ ಮಾಂಸದೊಳಗೆ ಹೂತುಕೊಂಡಿತು. ಮುಂಡರಗಿಯ ಡಾಕ್ಟರು ನೋಡಿದವರೇ, ಕಾಲಿಗೆ ರಕ್ತ ಹರಿಯುತ್ತಿಲ್ಲ, ಮೊದಲು ಕಡಗ ಕಡಿಸಿರಿ, ಇವತ್ತೇ ಕಡಿಸಿರಿ ಎಂದರು. ಮಾವ ನನಗೆ ಫೋನ್ ಮಾಡಿದ. ಪಕ್ಕದಲ್ಲಿದ್ದ ಅಕ್ಕೋರಿಗೆ ಎಲ್ಲ ಕೇಳಿಸಿತು. ನನ್ನ ಕೈಯಿಂದ ಫೋನ್ ಕಿತ್ತುಕೊಂಡು, "ಯಾರೂ ಕೈ ಹಚ್ಚಬ್ಯಾಡ್ರಿ. ನಾ ಬಂದ ತಗೀತೀನಿ" ಎಂದರು.

ಮೂರು ದಿನ. ಬರೆಯಲು ಕೈ ಬರುವುದಿಲ್ಲ, ಆದರೂ ಬರೆಯುತ್ತೇನೆ. ಮೊದಲನೆಯ ದಿನ ಬರ್ಫ ಇಟ್ಟು, ಕಾಲನ್ನು ಹಗ್ಗದಿಂದ ಜಂತಿಗೆ ಎತ್ತಿ ಕಟ್ಟಿ, ಬಾವು ಇಳಿಸಲು ನೋಡಿದರು. ಎರಡನೆಯ ದಿನ ದಾರ ಸುತ್ತಿ ಜಗ್ಗಿದರು. ಆಯಿಯ ಮೊಣಕಾಲನ್ನು ಒತ್ತಿ ಹಿಡಿದವಳು ನಾನು. ಅವಳು ಚೀರಿ ಚೀರಿ ದನಿ ಸತ್ತು, ಬರೀ ಬಾಯಿ ತೆರೆದು ಮುಚ್ಚುತ್ತಿದ್ದಳು. ಆದರೂ ನಡುವೆ ಉಸಿರು ಬಂದಾಗ, "ಕಡೀಬ್ಯಾಡ್ರಿ, ಅಕ್ಕೋರು ಓದಿದವರದಾರ, ಅವರ ಹೇಳಿದಂಗ ಮಾಡ್ರಿ" ಎಂದಳು. ಆ ಸಂಜೆ ಮಾವ ತಡೆಯಲಾರದೆ ಮುಂಡರಗಿಯಿಂದ ಪತ್ತಾರನನ್ನು ಕರೆತಂದ. ಅವನು ಗರಗಸದ ಚೀಲ ಹಿಡಿದು ಬಾಗಿಲಿಗೆ ಬಂದು ನಿಂತ. ಅಕ್ಕೋರು ಹೊಸ್ತಿಲಿಗೆ ಅಡ್ಡ ಕೂತರು.

"ನೋಡವಾ, ಡಾಕ್ಟರು ಇವತ್ತ ತಗಸ್ರಿ ಅಂದು ಎರಡ ದಿನಾ ಆತು. ನೀನರ ಹೇಳು ಅವರಿಗೆ" ಎಂದು ಮಾವ ನನ್ನ ಕಡೆ ತಿರುಗಿದ.

ನಾನು ಒಂದು ಮಾತು ಹೇಳಿದ್ದರೆ ಸಾಕಿತ್ತು. ನನ್ನ ಕಣ್ಣ ಮುಂದೆ ಆ ಬೆಸುಗೆ ಇತ್ತು, ಎಲ್ಲಿ ಶುರು ಎಲ್ಲಿ ಕೊನೆ ತಿಳಿಯದ ಹಾಗೆ ಮಾಡಿದ್ದ ಬೆಸುಗೆ. ಅದರ ಮೇಲೆ ಗರಗಸ ಓಡುವುದನ್ನು ನೆನೆಸಿಕೊಂಡು ನನಗೆ ಸಂಕಟವಾಯಿತು. ಒಳಗೆ ಆಯಿ ನರಳುತ್ತಿದ್ದಾಗ ಕಡಗಕ್ಕಾಗಿ ಆದ ಸಂಕಟ ಅದು.

"ಇನ್ನೊಂದ ದಿನಾ ನೋಡೂಣು ಮಾವಾ" ಎಂದೆ.

ಪತ್ತಾರ ಚೀಲ ಹೆಗಲಿಗೇರಿಸಿ ಹೊರಟುಹೋದ. ಮರುದಿನ ಪಾದ ಕಪ್ಪಾಯಿತು. ಗದಗಿನ ದೊಡ್ಡ ಆಸ್ಪತ್ರೆಗೆ ತಂದಾಗ, ಜೀವ ಉಳಿಸುತ್ತೇವೆ, ಕಾಲು ಆಗುವುದಿಲ್ಲ ಎಂದರು. ಮೊಣಕಾಲಿನ ಕೆಳಗೆ ಕತ್ತರಿಸಿದರು.

ಕತ್ತರಿಸಿದ ಕಾಲನ್ನು ಬಟ್ಟೆಯಲ್ಲಿ ಸುತ್ತಿ ಮನೆಯವರಿಗೇ ಕೊಟ್ಟರು, ಮಣ್ಣು ಮಾಡಲೆಂದು. ಕೊರ್ಲಹಳ್ಳಿ ತನಕ ಒಯ್ಯುವುದು ಹೇಗೆಂದು ಮಾವ ಬೆಟಗೇರಿಯ ಸ್ಮಶಾನಕ್ಕೇ ತಂದ. ನಾನು ಜೊತೆಗಿದ್ದೆ. ಆಟೋ ಇಳಿಯುವಷ್ಟರಲ್ಲಿ ಅಕ್ಕೋರು ಗೇಟಿನ ಬಳಿ ನಿಂತಿದ್ದರು, ಕೈಯಲ್ಲಿ ಕೊಬ್ಬರಿ ಎಣ್ಣೆಯ ಬಾಟಲಿ. ತೋಡಿದ ಕುಣಿಯ ಪಕ್ಕದಲ್ಲಿ ಕೂತು, ಬಟ್ಟೆ ಬಿಚ್ಚಿ, ಎಣ್ಣೆ ಹಾಕಿದರು. ಪಾದದ ಕಡೆಯಿಂದ ಮೂರು ದಿನ ಬಾರದ ಕಡಗ ಮೊಣಕಾಲಿನ ಕಡೆಯ ಕತ್ತರಿಸಿದ ತುದಿಯಿಂದ ಬಂತು. ಮಾವ ಗೋಡೆ ಹಿಡಿದು ವಾಂತಿ ಮಾಡಿಕೊಳ್ಳುತ್ತಿದ್ದ. ಅಕ್ಕೋರು ನಳದ ಕೆಳಗೆ ಕಡಗ ತೊಳೆದು, ತಿರುಗಿಸಿ ತಿರುಗಿಸಿ ನೋಡಿದರು.

"ಇಡೀ ಬಂತು. ಒಂದ ಗೆರಿ ಸೈತ ಬಿದ್ದಿಲ್ಲ."

ಸುಡಲಿ ನನ್ನ ಬಾಳು, ನಾನೂ ಕುತ್ತಿಗೆ ಚಾಚಿ ಗೆರೆ ಬಿದ್ದಿದೆಯೋ ಇಲ್ಲವೋ ನೋಡಿದೆ.

ಅದಾದ ಮೂರನೆಯ ದಿನ ಅಕ್ಕೋರು ಮೋಸಂಬಿ ಹಿಡಿದು ಆಸ್ಪತ್ರೆಗೆ ಬಂದರು. ಆಯಿಗೆ ಎಚ್ಚರವಿತ್ತು.

"ಬಂತೇನ್ರಿ ಅಕ್ಕೋರ?"

"ಬಂತು."

"ಕಡದ್ರೇನು?"

"ಇಲ್ಲ. ಇಡೀ ಐತಿ."

"ಛಲೋ ಆತು" ಎಂದು ಆಯಿ ಗೋಡೆಯ ಕಡೆ ತಿರುಗಿದಳು. ಮುಖ ಈಚೆ ತಿರುಗಿಸದೆಯೇ ಕೇಳಿದಳು, "ಮೊದಲ ಕಡಿಸಿದ್ರ ಕಾಲು ಉಳೀತಿತ್ತೇನ್ರಿ?" ಅಕ್ಕೋರು ಮೋಸಂಬಿ ಸುಲಿಯುತ್ತಾ ಇದ್ದರು. ಉತ್ತರ ಕೊಟ್ಟವಳು ನಾನು. "ಇಲ್ಲ ಆಯಿ. ಕಡಿಸಿದ್ರೂ ಹೋಗ್ತಿತ್ತು. ಕಡಗ ಕಡಿಯೂದರೊಳಗ ಇನ್ನಷ್ಟ ಘಾಸಿ ಆಗ್ತಿತ್ತು. ಭಾಳ ಹೊತ್ತಿನ ಕೆಲಸಂತ ಅದು." ಆಯಿ ನಂಬಿದಳು. ಆಮೇಲೆ ಬಂದವರಿಗೆಲ್ಲ ಅದನ್ನೇ ಹೇಳಿದಳು: ಹೋಗುವ ಕಾಲು ಹೋಯಿತು, ಕಡಗವಾದರೂ ಉಳಿಯಿತು.

ಇಷ್ಟಾದ ಮೇಲೂ ನಾನು ಆ ಮನೆ ಬಿಡಲಿಲ್ಲ. ಯಾಕೆ ಎಂದು ಮಾವ ಒಮ್ಮೆ ಕೇಳಿದ. ಆಮೇಲೆ ಅವನ ಮನೆಗೆ ಹೋಗುವುದನ್ನೇ ಕಡಿಮೆ ಮಾಡಿದೆ. ಅಕ್ಕೋರು ಆ ಒಂಟಿ ಕಡಗವನ್ನು ಒಂದು ಗೂಡಿನಲ್ಲಿಟ್ಟು, ಪಕ್ಕದಲ್ಲಿ ಇನ್ನೊಂದಕ್ಕೆ ಜಾಗ ಬಿಟ್ಟಿದ್ದರು. ಒಂಟಿ ಕಡಗ ಅವರ ಲೆಕ್ಕದಲ್ಲಿ ಅರ್ಧ ಮಾತು. ಎರಡನೆಯದಕ್ಕೆ ಕಾಯುತ್ತಲೇ ಹೋದ ವರ್ಷ ಬಚ್ಚಲಲ್ಲಿ ಜಾರಿ ಬಿದ್ದು ಹಾಸಿಗೆ ಹಿಡಿದರು. ಇಪ್ಪತ್ತು ದಿನ ಅವರ ಹೇಲು ಉಚ್ಚೆ ಬಳಿದವಳು ನಾನು. ಒಳ್ಳೆಯ ಮಾತೊಂದು ಬಂದೀತೇನೋ ಎಂದು ಕಾದೆ ಎಂದರೆ ನಗುತ್ತೀರಿ. ಕೊನೆಯ ದಿನ ಬೆಳಿಗ್ಗೆ ಗಂಜಿ ಕುಡಿಸುವಾಗ ನನ್ನ ಮಣಿಕಟ್ಟು ಹಿಡಿದು ಹತ್ತಿರ ಎಳೆದುಕೊಂಡರು. "ಆ ಮುದುಕಿ ಇನ್ನೂ ಅದಾಳೇನ?" ಎಂದು ಕೇಳಿದರು. ಅದಾಳ್ರಿ ಎಂದೆ. ಮುಖ ಕಿವುಚಿಕೊಂಡು ಆ ಕಡೆ ಹೊರಳಿದರು. ಮಧ್ಯಾಹ್ನಕ್ಕೆ ಉಸಿರು ನಿಂತಿತ್ತು.

ಹುಬ್ಬಳ್ಳಿಯಿಂದ ಅವರ ತಮ್ಮನ ಮಕ್ಕಳು ಬಂದರು. ಒಳ್ಳೆಯ ಹುಡುಗರೇ, ಆದರೆ ಅವರಿಗೆ ಅದು ಹಳೆ ಬೆಳ್ಳಿ, ಅಷ್ಟೇ. ಸತ್ತವರ ದಿನ ಮಾಡಿದ ಮರುದಿನ ಟ್ರಂಕುಗಳನ್ನು ಅದೇ ಅಂಗಡಿಗೆ ಹೊತ್ತರು. ನಾನು ಅಕ್ಕೋರು ಕೂಡುತ್ತಿದ್ದ ಬೆಂಚಿನ ಮೇಲೆ ಕೂತು ನೋಡಿದೆ. ನಲವತ್ತು ವರ್ಷ ಕಾಡಿ, ಬೇಡಿ, ಚರ್ಮ ಸುಲಿದು ಕೂಡಿಸಿದ್ದೆಲ್ಲ ಎರಡು ಮಧ್ಯಾಹ್ನದಲ್ಲಿ ನೀರಾಗಿ ಹೋಯಿತು. ಆಯಿಯ ಕಡಗ ಬಂದಾಗ ಅದು ನಮ್ಮದು ಎನ್ನಲು ಎದ್ದೆ. ನಿಮ್ಮದು ಇಲ್ಲಿಗೆ ಹೇಗೆ ಬಂತು ಎಂದರೆ ಏನು ಹೇಳಲಿ? ಮತ್ತೆ ಕೂತೆ. ನನಗೆ ಸೇಡು ತೀರಿದ ಖುಷಿ ಆಗಬೇಕಿತ್ತು. ಆಗಲಿಲ್ಲ. ಅಳು ಬಂತು, ಅಕ್ಕೋರಿಗಾಗಿಯೂ ಬಂತು. ಯಾವ ಹೆಂಗಸಿನ ಕಾಲು ಕಂಡರೂ ಇವತ್ತಿಗೂ ನನ್ನ ಕಣ್ಣು ಅಲ್ಲಿಗೇ ಹೋಗುತ್ತದೆ. ಒಂದು ಕಡಗ ಹಿಡಿದರೆ ಹಾಕಿಕೊಂಡವಳ ಬಾಳು ಬೆರಳಿಗೆ ಹತ್ತುತ್ತದೆ. ಆ ಋಣ ಅವರದೇ. ತೀರಿಸುವಂಥದ್ದಲ್ಲ, ಬೇಡವೆಂದು ತಿರುಗಿ ಕೊಡುವಂಥದ್ದೂ ಅಲ್ಲ.

ಸುದ್ದಿ ಹೇಳಲು ಕೊರ್ಲಹಳ್ಳಿಗೆ ಹೋದೆ. ಆಯಿ ಹೊರಸಿನ ಮೇಲೆ ಕೂತು ಎಲ್ಲ ಕೇಳಿದಳು. ಕಡಗ ಕರಗಿದ್ದನ್ನೂ ಕೇಳಿದಳು. ಆಮೇಲೆ ಮಾವನನ್ನು ಕರೆದು, "ಪತ್ತಾರನ್ನ ಕರಕೊಂಡ ಬಾ. ಈ ಕಾಲಿಂದು ಕಡಿಸಿಬಿಡು. ಇನ್ನ ಯಾರ ಸಲುವಾಗಿ ಕಾಯ್ಲಿ?" ಎಂದಳು.

ಬಂದವನು ಅದೇ ಪತ್ತಾರ, ಅವತ್ತು ಬಾಗಿಲಿನಿಂದ ತಿರುಗಿ ಹೋದವನು. ಮಾವನ ಹೆಂಡತಿ ಅವನಿಗೆ ಕಪ್ಪು-ಬಸಿಯಲ್ಲಿ ಚಹಾ ತಂದಿಟ್ಟಳು. ಆಮೇಲೆ ಕುಡಿಯುತ್ತೇನೆ ಎಂದು ಬಸಿಯನ್ನು ಬದಿಗಿಟ್ಟು, ಕಡಗದ ಕೆಳಗೆ ಬಟ್ಟೆಯ ಪಟ್ಟಿ ತೂರಿಸಿ, ಸಣ್ಣ ಗರಗಸ ಹಚ್ಚಿದ. ಕಿರ್ ಕಿರ್ ಎಂದಿತು. ಎರಡು ಇಕ್ಕಳದಲ್ಲಿ ಹಿಡಿದು ಅಗಲಿಸಿ ಕಡಗ ಎತ್ತಿ ನೆಲಕ್ಕಿಟ್ಟ. ಬಸಿ ಎತ್ತಿಕೊಂಡು ಕುಡಿದ. ಚಹಾ ಇನ್ನೂ ಬಿಸಿ ಇತ್ತು.

ಆಯಿ ತನ್ನ ಕಣಕಾಲನ್ನು ನೋಡಿಕೊಂಡಳು. ಆಮೇಲೆ ಬಸಿಯ ಕಡೆ ನೋಡಿದಳು.

"ಆತೇನಪಾ?"

"ಆತ್ರೀ ಯವ್ವಾ."

"ಅವತ್ತು ಆ ಕಾಲಿಗೂ ಇಷ್ಟ ಹೊತ್ತ ಹಿಡೀತಿತ್ತೇನು?"

"ಊದಿತ್ತಲ್ರಿ, ಇನ್ನೊಂದೀಟು ಹಿಡೀತಿತ್ತು. ಅಷ್ಟರಿ" ಎಂದು ಪಾಪ, ಆ ಮನುಷ್ಯ ಇದ್ದದ್ದು ಇದ್ದಂತೆ ಹೇಳಿ ಚೀಲ ಕಟ್ಟತೊಡಗಿದ.

ಆಯಿ ನನ್ನನ್ನು ನೋಡಿದಳು. ಬಯ್ಯುತ್ತಾಳೆ ಎಂದುಕೊಂಡೆ, ಬಯ್ಯಲಿ ಎಂದು ದೇವರನ್ನು ಬೇಡಿಕೊಂಡೆ. ಅವಳು ಬಗ್ಗಿ ನೆಲದ ಮೇಲಿನ ಕಡಗವನ್ನು ತಡವಿ ಎತ್ತಿಕೊಂಡು, ನನ್ನ ಕಡೆ ಚಾಚಿದಳು.

"ತಗೋ" ಎಂದಳು. "ನಿನಗ ಬೇಕಾಗಿತ್ತಲ್ಲ."

ನಾನು ಎರಡೂ ಕೈ ಒಡ್ಡಿ ತೆಗೆದುಕೊಂಡೆ.